ಎಂಜಲಿಲ್ಲದ ಪ್ರಯೋಗಶಾಲೆ

ಏಳುವ ಹೊತ್ತಿಗೇ ತನುಜಳ ನಾಲಿಗೆ ಹುಳಿಯಾಗಿತ್ತು. ಹಲ್ಲುಜ್ಜಿದಳು, ಕಾಫಿ ಕುಡಿದಳು, ಹೋಗಲಿಲ್ಲ. ಅವಳ ಕೆಲಸದ ಜಾಗಕ್ಕೆ ನಿವೃತ್ತ ಮೇಷ್ಟ್ರು ರಮೇಶ್‌ಬಾಬು ಬಂದು ಸೇರಿದಾಗಿನಿಂದ ಇದು ಹೀಗೇ. ಇದು ಪಿತ್ತವಲ್ಲ, ರಾತ್ರಿಯ ಸಾರಿನ ಹುಣಸೆಯೂ ಅಲ್ಲ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಅದನ್ನೇ ಪಾಠ ಹೇಳಿ ಹೊಟ್ಟೆ ಹೊರೆಯುವವಳಿಗೆ ಆಕ್ಸಾಲಿಕ್ ಆಮ್ಲದ ಹುಳಿ ಯಾವುದೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಹುಳಿ ಬಾಯಿಗೆ ಬಂದದ್ದು ಒಂದೇ ಸಲ, ಗೌರಿಬಿದನೂರಿನ ಕಾಲೇಜಿನಲ್ಲಿ, ಪ್ರಾಕ್ಟಿಕಲ್ ಪರೀಕ್ಷೆಯ ದಿನ. ಆಗ ಉಗುಳಿದ್ದು ಈಗ ಮತ್ತೆ ಬಾಯಿಗೆ ಬರುತ್ತಿದೆ. ಫೋನು ಹೊಡೆದುಕೊಂಡಿತು. ಅವಳು ಆನ್‌ಲೈನಿನಲ್ಲಿ ಪಾಠ ಮಾಡುವ ಸಂಸ್ಥೆಯ ಮಾಲೀಕ ನರಸಿಂಹಮೂರ್ತಿ. "ಮೇಡಂ, ಆ ರಮೇಶ್‌ಬಾಬು ಸಾರ್‌ಗೆ ಒಂದು ಕ್ಲಾಸ್ ಬಿಟ್‌ಕೊಡಣ ಅಂತೀರೋ, ಬೇಡ ಅಂತೀರೋ? ಇವತ್ತು ಹೇಳ್ಬಿಡಿ. ನೀವೇನಂತೀರೋ ಅದೇ ಫೈನಲ್ಲು." ಕ್ಲಾಸ್ ಮುಗಿಸಿ ಹೇಳುತ್ತೇನೆ ಎಂದಳು. ಬೇಡ ಎಂದು ಆಗಲೇ ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಬೇಡ ಎಂಬ ಒಂದು ಮಾತು ಅವಳಿಗೆ ಸಾಲದಾಗಿತ್ತು. ಬೇಡ ಎಂದರೆ ಅವನು ಏನೋ ವಯಸ್ಸಾಯಿತು ಅಂತ ಬಿಟ್ಟರು ಎಂದುಕೊಂಡು ಮನೆಗೆ ಹೋಗಿ ಪೇಪರ್ ಓದುತ್ತಾನೆ. ಹಾಗಾಗಬಾರದು. ಯಾಕೆ ಎಂದು ಅವನಿಗೆ ಗೊತ್ತಾಗಬೇಕು, ಅದೂ ನಾಲ್ಕು ಜನರ ಮುಂದೆ ಗೊತ್ತಾಗಬೇಕು. ತನಗೆ ಗೊತ್ತಾದದ್ದು ಹಾಗೆಯೇ ತಾನೆ.

ರಮೇಶ್‌ಬಾಬುವನ್ನು ಮನಸ್ಸಿನಲ್ಲಿ ಅವನು ಎಂದೇ ಅನ್ನುತ್ತಿದ್ದಳು. ಎದುರಿಗೆ ಹೋದರೆ ಅದು ಅವರು ಆಗಿಬಿಡುತ್ತಿತ್ತು, ಬನ್ನಿ ಸಾರ್ ಕೂತ್ಕೊಳ್ಳಿ ಸಾರ್ ಆಗಿಬಿಡುತ್ತಿತ್ತು. ಇಷ್ಟು ವರ್ಷವಾದರೂ ಈ ಬಾಯಿಗೆ ಬುದ್ಧಿ ಬಂದಿಲ್ಲ ಎಂದು ತನ್ನನ್ನೇ ಬೈದುಕೊಳ್ಳುತ್ತ ತನುಜ ಬಿ.ಬಿ. ರಸ್ತೆಯಲ್ಲಿ ನಡೆದಳು. ಭಾನುವಾರ. ಸ್ಕಂದಗಿರಿ ಹತ್ತಿ ಇಳಿದ ಬೆಂಗಳೂರಿನ ಹುಡುಗರು ಕೆಸರು ಬೂಟಿನಲ್ಲೇ ಬೇಕರಿಯ ಮುಂದೆ ನಿಂತು ದಿಲ್‌ಪಸಂದ್ ತಿನ್ನುತ್ತಿದ್ದರು. ಆ ಬೇಕರಿಯ ಮೇಲಿನ ಮಹಡಿಯೇ ಅವಳ ತರಗತಿ: ಒಂದು ಕ್ಯಾಮೆರಾ, ಎರಡು ದೀಪ, ಒಂದು ಮೇಜು, ಗಾಜಿನ ಬಾಗಿಲಿನ ಒಂದು ಬೀರು. ಬೀರುವಿನಲ್ಲಿ ನಿಜವಾದ ಬ್ಯುರೆಟ್ಟು, ಪಿಪೆಟ್ಟು, ಫ್ಲಾಸ್ಕುಗಳನ್ನು ಹಿನ್ನೆಲೆಗೆ ಚೆನ್ನಾಗಿ ಕಾಣಲಿ ಎಂದು ಜೋಡಿಸಿಟ್ಟಿದ್ದರು. ಅವನ್ನು ಯಾರೂ ಮುಟ್ಟುವುದಿಲ್ಲ. ಪ್ರಯೋಗವೆಲ್ಲ ಪರದೆಯ ಮೇಲೆ. ಚಿಂತಾಮಣಿಯಲ್ಲೋ ಶಿಡ್ಲಘಟ್ಟದಲ್ಲೋ ಕೂತ ಮಕ್ಕಳು ಫೋನಿನ ಮೇಲೆ ಬೆರಳಾಡಿಸಿದರೆ ಪಿಪೆಟ್ಟು ತಾನೇ ಎದ್ದು ಬಂದು ಆಮ್ಲ ಹೀರಿಕೊಳ್ಳುತ್ತದೆ, ಬ್ಯುರೆಟ್ಟಿನ ತಿರುಪು ಒತ್ತಿದರೆ ಪರ್ಮಾಂಗನೇಟಿನ ನೇರಳೆ ಹನಿ ಹನಿಯಾಗಿ ಇಳಿಯುತ್ತದೆ, ತಪ್ಪಿದರೆ 'ಮೊದಲಿನಿಂದ' ಎಂಬ ಗುಂಡಿ ಇದೆ. ಸಾಫ್ಟ್‌ವೇರ್ ಮಾಡುವವರು ಮೊದಲು ಪಿಪೆಟ್ಟಿನ ತುದಿಗೆ ಎರಡು ತುಟಿಗಳ ಚಿತ್ರ ಹಾಕಿಕೊಂಡು ಬಂದಿದ್ದರು. ತನುಜ ಕೂಗಾಡಿ ತೆಗೆಸಿದಳು, ಬಾಯಿ ಬೇಡ, ರಬ್ಬರಿನ ಬುರುಡೆ ಹಾಕಿ ಎಂದಳು. ಸುರಕ್ಷತೆಗೆ ಎಂದು ಅವರು ತಿಳಿದರು. ತನ್ನ ಲ್ಯಾಬಿನಲ್ಲಿ ಎಲ್ಲರಿಗೂ ಒಂದೊಂದು ಪಿಪೆಟ್ಟು ಎಂಬುದು ಅವಳಿಗೆ ಒಳಗೊಳಗೇ ಒಂದು ಹಮ್ಮಿನ ವಿಷಯವಾಗಿತ್ತು, ಕಳೆದ ವಾರದವರೆಗೂ.

ಮೆಟ್ಟಿಲು ಹತ್ತಿ ಬಾಗಿಲು ತೆಗೆದರೆ ರಮೇಶ್‌ಬಾಬು ಆಗಲೇ ಬಂದಿದ್ದಾನೆ. ತುಂಬು ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮೇಜಿನ ಮೇಲೆ ಅವನ ಸ್ಟೀಲಿನ ಫ್ಲಾಸ್ಕು. ಅವಳನ್ನು ಕಂಡವನೇ ಎದ್ದು ನಿಂತ. ದಿನವೂ ಏಳುತ್ತಾನೆ. ಮೊದಲ ದಿನ ಆ ಎದ್ದು ನಿಲ್ಲುವುದನ್ನು ನೋಡಿ ಅವಳಿಗೆ ಮೈ ಜುಮ್ಮೆಂದಿತ್ತು. ಮಂಡಿನೋವಿನ ಮುದುಕ ಮೇಜು ಹಿಡಿದು ಏಳುವುದನ್ನು ನೋಡಿ ಖುಷಿಪಡುತ್ತಿದ್ದೇನಲ್ಲ ಎಂದು ಆಮೇಲೆ ನಾಚಿಕೆಯೂ ಆಗಿತ್ತು. ಆದರೂ ಒಂದು ದಿನವೂ ಕೂತಿರಿ ಸಾರ್, ಏಳಬೇಡಿ ಎಂದು ಹೇಳಿರಲಿಲ್ಲ.

"ಮಿಸ್, ಸಾರ್ ನೋಡಿ, ನಾನು ಬರೋಷ್ಟ್ರಲ್ಲಿ ಮೈಕು, ಕೀಬೋರ್ಡು, ಕುರ್ಚಿ ಎಲ್ಲಾ ಒರ್ಸಿಟ್ಟಿದಾರೆ," ಎಂದಳು ಬುಷ್ರಾ. ಕ್ಯಾಮೆರಾ, ಕಂಪ್ಯೂಟರು ನೋಡಿಕೊಳ್ಳುವ ಹುಡುಗಿ. ಅವಳಿಗೆ ಈ ಮುದುಕನೆಂದರೆ ಅಕ್ಕರೆ. "ನಮ್ ಅಬ್ಬಾಗಿಂತ ಕ್ಲೀನು ಇವ್ರು."

"ಲ್ಯಾಬಲ್ಲಿ ಇದ್ದೋನಲ್ವಾಮ್ಮ, ಕೈ ಸುಮ್ನಿರಲ್ಲ," ಎಂದು ರಮೇಶ್‌ಬಾಬು ನಕ್ಕು ಕರ್ಚೀಫು ಮಡಿಸಿ ಜೇಬಿಗಿಟ್ಟ. ಬುಷ್ರಾ ಕೆಳಗಿನಿಂದ ತರಿಸಿದ ಚಹಾವನ್ನು ಎಂದಿನಂತೆ ಅವನು ಮುಟ್ಟಲಿಲ್ಲ. ಆಸಿಡಿಟಿಯಂತೆ. ಮನೆಯಿಂದ ತಂದ ಫ್ಲಾಸ್ಕಿನಿಂದಲೇ ಏನೋ ಬಗ್ಗಿಸಿಕೊಂಡು ಕುಡಿಯುತ್ತಾನೆ. ಹಿತ್ತಲಿನ ಸೀಬೆಹಣ್ಣನ್ನು ಮಾತ್ರ ಚೀಲದ ತುಂಬ ತಂದು ಎಲ್ಲರಿಗೂ ಕೊಡುತ್ತಾನೆ. ಕೊಡುತ್ತಾನೆ, ತೆಗೆದುಕೊಳ್ಳುವುದಿಲ್ಲ. ನಿಜವಾಗಿ ಹೊಟ್ಟೆ ಕೆಟ್ಟಿದೆಯೋ, ಇಲ್ಲ ಬುಷ್ರಾ ಮುಟ್ಟಿದ ಲೋಟವೆಂದೋ ಎಂದು ತನುಜ ಎಷ್ಟೋ ದಿನ ಕದ್ದು ನೋಡಿದ್ದಳು, ಪತ್ತೇದಾರಿಣಿಯ ಹಾಗೆ. ಸೀಬೆಹಣ್ಣು ಚೆನ್ನಾಗಿರುತ್ತಿತ್ತು. ಅದನ್ನು ತಿನ್ನುವಾಗ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬರುತ್ತಿತ್ತು.

ಅವನಿಗೆ ಅವಳ ಗುರುತು ಹತ್ತಿರಲಿಲ್ಲ. ಹತ್ತುವುದಾದರೂ ಹೇಗೆ? ವರ್ಷಕ್ಕೆ ಮೂರು ಬ್ಯಾಚು, ಎಷ್ಟು ಮುಖ ನೋಡಿದ್ದಾನೋ. ಊರು ಕೇಳಿದಾಗ ಅವಳೂ ಇಲ್ಲೇ ಚಿಕ್ಕಬಳ್ಳಾಪುರ ಸಾರ್ ಎಂದುಬಿಟ್ಟಿದ್ದಳು. ಹಾಗೆ ಯಾಕೆಂದೆ ಎಂದು ಆಮೇಲೆ ಬೇಕಾದಷ್ಟು ಕೊರಗಿದಳು. ತೊಂಡೇಬಾವಿ ಎಂದಿದ್ದರೆ ಯಾರ ಮಗಳಮ್ಮ ಎನ್ನುತ್ತಿದ್ದ, ಸ್ಟೇಷನ್ನಿನ ನಲ್ಲಪ್ಪನ ಮಗಳು ಎನ್ನಬೇಕಾಗುತ್ತಿತ್ತು, ನಲ್ಲಪ್ಪ ಎಂದರೆ ಕಾಲೋನಿ. ಹೇಳಿಕೊಳ್ಳಲು ಅವಳಿಗೇನೂ ನಾಚಿಕೆಯಿಲ್ಲ, ಮನೆಯಲ್ಲಿ ಬುದ್ಧನ ಫೋಟೋ ಬಾಗಿಲಿಗೇ ಎದುರಾಗಿದೆ. ಆದರೂ ಅವನ ಮುಂದೆ ನಾಲಿಗೆ ತಾನೇ ಸುಳ್ಳು ಹೇಳಿತು. ಅದಕ್ಕೂ ಅವನೇ ಲೆಕ್ಕ ಕೊಡಬೇಕು ಎಂದು ತನುಜ ಹಲ್ಲು ಕಚ್ಚಿಕೊಂಡಳು.

ಗೌರಿಬಿದನೂರಿನ ಆ ಲ್ಯಾಬಿನಲ್ಲಿ ನಾಲ್ಕು ಹುಡುಗಿಯರಿಗೆ ಒಂದು ಪಿಪೆಟ್ಟು. ತುದಿಯನ್ನು ಬಾಯಲ್ಲಿಟ್ಟು ಎಳೆಯಬೇಕು, ಆಮ್ಲ ಗೆರೆ ದಾಟಿದೊಡನೆ ನಾಲಿಗೆಯಿಂದ ತಡೆದು ಬೆರಳು ಮುಚ್ಚಬೇಕು. ಒಬ್ಬಳು ಎಳೆದಾದ ಮೇಲೆ ಇನ್ನೊಬ್ಬಳು, ಅವಳಾದ ಮೇಲೆ ಮತ್ತೊಬ್ಬಳು. ಎಲ್ಲ ಕಾಲೇಜಿನಲ್ಲೂ ಹೀಗೇ ನಡೆಯುತ್ತಿತ್ತು, ಯಾರಿಗೂ ಅದು ದೊಡ್ಡ ವಿಷಯವಾಗಿರಲಿಲ್ಲ. ತನುಜಳ ಸರದಿ ಬಂದಾಗ ಮಾತ್ರ ರಮೇಶ್‌ಬಾಬು ಸಾರ್ ಎಲ್ಲಿಂದಲೋ ಬಂದು ಅವಳ ಪಕ್ಕ ನಿಂತು, ಅವಳ ರೆಕಾರ್ಡನ್ನು ಕೈಗೆತ್ತಿಕೊಂಡು, "ಆಹಾ, ಏನ್ ಅಕ್ಷರ ಕಣಮ್ಮ ನಿಂದು! ಮುತ್ತು ಪೋಣ್ಸಿದಂಗದೆ. ನೀನು ರೀಡಿಂಗ್ ಬರ್ಕೊ, ಸಾಕು. ಅವ್ರು ಮಾಡ್ಲಿ," ಎನ್ನುತ್ತಿದ್ದರು. ಎರಡು ವರ್ಷ ಬರೆದುಕೊಂಡಳು. ಬರೆದುಕೊಂಡದ್ದಷ್ಟೇ ಅಲ್ಲ, ಹಿಗ್ಗಿದಳು. ಸಂಜೆ ರೈಲಿನಲ್ಲಿ ತೊಂಡೇಬಾವಿಯಲ್ಲಿ ಇಳಿದಾಗ ಹಳಿಯ ಕೆಲಸ ಮುಗಿಸಿ ಕೂತಿದ್ದ ಅಪ್ಪನಿಗೆ, ಸಾರ್ ನನ್ನ ಅಕ್ಷರ ಮುತ್ತು ಅಂದರು ಎಂದು ಹೇಳಿದಳು. ನಲ್ಲಪ್ಪ ಅದನ್ನು ಗ್ಯಾಂಗಿನವರಿಗೆಲ್ಲ ಹೇಳಿಕೊಂಡು ಬಂದ. ಇದನ್ನು ನೆನೆದರೆ ಈಗಲೂ ಅವಳಿಗೆ ಮೈ ಉರಿಯುತ್ತದೆ. ಬೈದಿದ್ದರೆ ಮರೆಯಬಹುದಿತ್ತು, ಹೊರಗೆ ನಿಲ್ಲು ಎಂದಿದ್ದರೆ ಜಗಳವಾಡಬಹುದಿತ್ತು. ಹೊಗಳಿ ಹೊರಗಿಟ್ಟವನನ್ನು ಏನು ಮಾಡುವುದು? ಪರೀಕ್ಷೆಯ ದಿನ ಪಿಪೆಟ್ಟು ಮೊದಲ ಸಲ ಅವಳ ಕೈಗೆ ಬಂತು. ಎಷ್ಟು ಎಳೆಯಬೇಕೆಂದು ಗೊತ್ತಿಲ್ಲ. ಬಾಯಿ ತುಂಬ ಆಕ್ಸಾಲಿಕ್ ಆಮ್ಲ. ಅರ್ಧ ಸಿಂಕಿಗೆ, ಅರ್ಧ ಮೇಜಿಗೆ ಉಗುಳಿದಳು. ಹೊರಗಿನ ಕಾಲೇಜಿನಿಂದ ಬಂದ ಪರೀಕ್ಷಕರು ನೋಡುತ್ತಿದ್ದರು. "ಎರಡು ವರ್ಷ ಏನ್ ಮಾಡ್ತಿದ್ದೆಯಮ್ಮ?" ಎಂದು ಕೇಳಿದವರು ರಮೇಶ್‌ಬಾಬು ಸಾರೇ. ಆಮೇಲೆ ಅಟೆಂಡರಿಗೆ ಮೆಲ್ಲಗೆ, ಆದರೆ ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, "ಆ ಪಿಪೆಟ್ ಅತ್ಲಾಗಿಡ್ರಿ. ಮುಂದಿನವ್ರಿಗೆ ಬೇರೆ ಕೊಡಿ," ಎಂದರು. ಅದಕ್ಕೆ ಮುಂಚೆ ಇಬ್ಬರು ಹುಡುಗರೂ ಹಾಗೆಯೇ ಉಗುಳಿದ್ದರು. ಅವರ ಪಿಪೆಟ್ಟುಗಳನ್ನು ನಲ್ಲಿಯ ಕೆಳಗೆ ಹಿಡಿದು ಮುಂದಿನವರಿಗೆ ಕೊಟ್ಟಿದ್ದರು. ಅವಳದ್ದು ಕಿಟಕಿಯ ಕಟ್ಟೆಯ ಮೇಲೆ, ಒಡೆದ ಬೀಕರುಗಳ ಜೊತೆ ಹೋಯಿತು. ಮೇಜು ಒರೆಸುತ್ತ ಅದನ್ನು ನೋಡಿದಳು. ಮುತ್ತಿನಂಥ ಅಕ್ಷರ ಎಂದರೆ ಏನು ಎಂದು ಅವಳಿಗೆ ಆಗ ಗೊತ್ತಾಯಿತು.

"ಮೇಡಂ, ಒಂದು ಮಾತು ಹೇಳ್ಲಾ?" ಈಗ ಅದೇ ರಮೇಶ್‌ಬಾಬು ಪಕ್ಕದ ಕುರ್ಚಿಯಿಂದ ಕೇಳುತ್ತಿದ್ದ. ಅವನಿಗೆ ಮೌಸ್ ಹಿಡಿಯಲು ಬರುವುದಿಲ್ಲ. ಸೇರಿದ ಹೊಸದರಲ್ಲಿ ಪರದೆಯ ಬ್ಯುರೆಟ್ಟಿನ ತಿರುಪು ಒತ್ತಿದವನಿಗೆ ನಿಲ್ಲಿಸುವುದು ಗೊತ್ತಾಗದೆ ಫ್ಲಾಸ್ಕೆಲ್ಲ ಕಡು ನೇರಳೆಯಾಗಿ, ಮಕ್ಕಳು ನಗುವ ಮುಖಗಳನ್ನು ಸಾಲುಸಾಲಾಗಿ ಕಳಿಸಿದ್ದರು. ತನುಜ ಪಕ್ಕದಲ್ಲೇ ಇದ್ದಳು. ಕೈ ಚಾಚಿದ್ದರೆ ನಿಲ್ಲಿಸಬಹುದಿತ್ತು. ಚಾಚಲಿಲ್ಲ, ಪೂರ್ತಿ ನೇರಳೆಯಾಗಲಿ ಎಂದು ಕಾದಳು. ಆಮೇಲೆ ಬಹಳ ಮೆದುವಾಗಿ, "ಸಾರ್, ಮೌಸ್ ಕೆಲ್ಸ ನಮಗೆ ಬಿಡಿ. ನಿಮ್ಮ ದನಿ ಎಷ್ಟು ಚೆನ್ನಾಗಿದೆ! ಮಕ್ಕಳು ಟೈಪ್ ಮಾಡೋ ಪ್ರಶ್ನೆ ಗಟ್ಟಿಯಾಗಿ ಓದಿ, ಸಾಕು," ಎಂದಿದ್ದಳು. ಈ ಮಾತನ್ನು ಮೂರು ರಾತ್ರಿ ಕನ್ನಡಿಯ ಮುಂದೆ ಹೇಳಿ ನೋಡಿಕೊಂಡಿದ್ದಳು. ಅವನಿಗೆ ಚುಚ್ಚಲೇ ಇಲ್ಲ. ಮುಖ ಅರಳಿಸಿಕೊಂಡು ಒಪ್ಪಿದ. ಮರುದಿನ ಬಂದು, "ನಿಮ್ಮ ದನಿ ಚೆನ್ನಾಗಿದೆ ಅಂತ ಮೇಡಂ ಅಂದ್ರು ಅಂತ ನಮ್ಮ ಮನೆಯವರಿಗೆ ಹೇಳ್ದೆ, ಬಹಳ ಖುಷಿಪಟ್ರು," ಎಂದ. ಅಂದು ಅವಳು ಊಟ ಮಾಡಲಾಗದೆ ಡಬ್ಬಿಯನ್ನು ಹಾಗೇ ಮನೆಗೆ ಒಯ್ದಿದ್ದಳು.

"ಹೇಳಿ ಸಾರ್."

"ಈ ನಿಮ್ಮ ಲ್ಯಾಬ್ ಅದೆಯಲ್ಲ, ಬಹಳ ಒಳ್ಳೇದು ಮೇಡಂ. ಮೌಸು ನನ್ ಕೈಗೆ ಹತ್ತಲ್ಲ, ಅದು ಬೇರೆ ಮಾತು. ಆದ್ರೆ ನಾನಿದ್ದಾಗ ಇದು ಇದ್ದಿದ್ರೆ ನನ್ನ ಅರ್ಧ ಆಯಸ್ಸು ಉಳಿಯೋದು. ಒಬ್ರು ಬಾಯಿಟ್ಟಿದ್ದನ್ನ ಇನ್ನೊಬ್ರು ಇಡ್ಬೇಕು. ಮನೆಯವ್ರು ಬಂದು ಗಲಾಟೆ. ನಮ್ಮ ಹುಡುಗಿ ಕೈಲಿ ಯಾರ್ಯಾರ್ದೋ ಎಂಜಲು ತಿನ್ನಿಸ್ತೀರಾ ಅಂತ. ಯಾರನ್ನ ಯಾವ ಬ್ಯಾಚಿಗೆ ಹಾಕೋದು ಅನ್ನೋದೇ ದೊಡ್ಡ ತಲೆನೋವು. ಇಲ್ಲಿ ನೋಡಿ, ಎಂಜಲೇ ಇಲ್ಲ. ಎಷ್ಟು ಕ್ಲೀನು!"

"ಆಗೇನ್ ಮಾಡ್ತಿದ್ರಿ ಸಾರ್?" ಎಂದು ಕೇಳಿದ ದನಿ ತನ್ನದೇ ಎಂದು ಗೊತ್ತಾಗಲು ತನುಜಳಿಗೆ ತುಸು ಹೊತ್ತು ಬೇಕಾಯಿತು.

"ಏನೋ ಅಡ್ಜಸ್ಟ್ ಮಾಡ್ತಿದ್ದೆ. ಯಾರಿಗೂ ನೋವಾಗ್ಬಾರ್ದು ನೋಡಿ. ಅಂಥ ಮಕ್ಕಳಿಗೆ ನಿನ್ನ ಅಕ್ಷರ ಚೆನ್ನಾಗದೆ ಬರ್ಕೊ ಅಂತಿದ್ದೆ. ಅವೂ ಖುಷಿಯಾಗೇ ಇರ್ತಿದ್ವು, ಪಾಪ." ಹೇಳಿ, ಫ್ಲಾಸ್ಕಿನ ಮುಚ್ಚಳ ಬಿಚ್ಚಿ, ಎತ್ತಿ ಗಂಟಲಿಗೆ ಬಿಟ್ಟುಕೊಂಡ.

ಇಷ್ಟು ವರ್ಷ ಅವಳಿಗಿದ್ದದ್ದು ಬರೀ ಅನುಮಾನ. ಒಂದೊಂದು ಸಲ, ಇಲ್ಲ, ಅಕ್ಷರ ನಿಜವಾಗಿಯೂ ಚೆನ್ನಾಗಿತ್ತೇನೋ ಎಂಬ ಆಸೆ. ಅದೂ ಹೋಯಿತು. ಹೋದದ್ದು ಅದೊಂದೇ ಆಗಿದ್ದರೆ ತಡೆದುಕೊಳ್ಳುತ್ತಿದ್ದಳು. ತುಟಿ ತೆಗೆಸಿ, ರಬ್ಬರು ಹಾಕಿಸಿ, ತನ್ನಂಥವರಿಗಾಗಿ ಎಂದು ಕಟ್ಟಿದ ಲ್ಯಾಬು ಅವನು ಜೀವಮಾನವೆಲ್ಲ ಬಯಸಿದ್ದ ಲ್ಯಾಬೇ ಆಗಿತ್ತು. ಯಾರೂ ಯಾರನ್ನೂ ಮುಟ್ಟಬೇಕಾಗಿಲ್ಲ, ಅವನ ಕರ್ಚೀಫಿಗೆ ಕೆಲಸವೇ ಇಲ್ಲ. ಅದೂ ಹೋಗಲಿ, ನಿಜವಾಗಿ ಇಲ್ಲಿ ಎಲ್ಲರಿಗೂ ಒಂದೊಂದು ಪಿಪೆಟ್ಟು ಸಿಕ್ಕಿತ್ತೆ? ಕಳೆದ ವಾರ ಚಿಂತಾಮಣಿಯ ಹಾಸ್ಟೆಲಿನಿಂದ ಸೇರುವ ಹುಡುಗಿಯರನ್ನು ಮಾತಾಡಿಸಿದ್ದಳು. ಅಲ್ಲಿ ಒಂದೇ ಫೋನು. ಅದರಿಂದ ಬರುವ ಹಾಜರಿಯಲ್ಲಿ ಕವಿತ ಎಂಬ ಹೆಸರು ದಿನವೂ ಕಾಣುತ್ತದೆ, ಆದರೆ ಆ ಹೆಸರಿನಲ್ಲಿ ಒಂದು ದಿನವೂ ಒಂದಕ್ಷರ ಟೈಪ್ ಆಗಿ ಬಂದಿಲ್ಲ. "ಕವಿತ, ನೀನು ಟೈಟ್ರೇಷನ್ ಮಾಡಿ ತೋರ್ಸಮ್ಮ," ಎಂದರೆ ಬೇರೆ ಯಾವಳೋ ನಗುತ್ತ, "ಅವಳು ಬರ್ಕೊತಾಳೆ ಮಿಸ್, ನಾವು ಮಾಡ್ತೀವಿ," ಎಂದಳು. ಫೋನು ಅವಳ ಕೈಗೆ ಕೊಡಿ ಎನ್ನಲು ತನುಜ ಬಾಯಿ ತೆರೆದಿದ್ದಳು. ಆದರೆ ಹೊತ್ತಾಗಿತ್ತು, ಪಾಠ ಬಾಕಿ ಇತ್ತು. ಸರಿ ಮಾಡಿ ಎಂದು ಮುಂದೆ ಹೋಗಿಬಿಟ್ಟಳು. ಸರಿ ಎಂದ ಆ ಒಂದು ಮಾತು ಒಂದು ವಾರದಿಂದ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ.

"ಲೈವ್ ಹೋಗಣಾ ಮಿಸ್?" ಎಂದಳು ಬುಷ್ರಾ. ಕೆಂಪು ದೀಪ ಹೊತ್ತಿಕೊಂಡಿತು.

ಪಾಠ ಶುರುವಾಯಿತು. ಪರದೆಯ ಮೇಲೆ ಪಿಪೆಟ್ಟು ಎದ್ದಿತು, ರಬ್ಬರಿನ ಬುರುಡೆ ಹಿಂಡಿಕೊಂಡಿತು, ಆಮ್ಲ ಏರಿತು. ರಮೇಶ್‌ಬಾಬು ಕನ್ನಡಕ ಏರಿಸಿಕೊಂಡು, ಹಿಂದೆ ಹಾಜರಿ ಕೂಗುತ್ತಿದ್ದ ಅದೇ ತುಂಬು ದನಿಯಲ್ಲಿ ಪ್ರಶ್ನೆಗಳನ್ನು ಓದತೊಡಗಿದ. ಯಾರದ್ದೋ ಬಣ್ಣ ನಿಲ್ಲುತ್ತಿಲ್ಲ, ಯಾರದ್ದೋ ಫೋನು ನಿಂತುಹೋಗಿದೆ. ಆಮೇಲೆ ಅವನು, "ಶಿಡ್ಲಘಟ್ಟದಿಂದ ರುಬೀನಾ ಕೇಳ್ತಿದಾಳೆ. ಮಿಸ್, ರಬ್ಬರ್ ಬುರುಡೆ ಇಲ್ಲದ ಕಾಲದಲ್ಲಿ ಆಸಿಡ್ ಹೇಗೆ ಎಳೀತಿದ್ರು? ಬಾಯಲ್ಲಾ? ಛೀ!" ಎಂದು ಓದಿ ತಾನೇ ನಕ್ಕ.

ತನುಜ ಮೊದಲೇ ಯೋಚಿಸಿರಲಿಲ್ಲ. ಹೌದು ಮಕ್ಕಳೇ, ಬಾಯಲ್ಲೇ, ಈಗ ಯಾರೂ ಮಾಡಬಾರದು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಅವಳು ಎದ್ದಿದ್ದಳು, ಬೀರುವಿನ ಬಾಗಿಲು ತೆಗೆದಿದ್ದಳು, ಪಿಪೆಟ್ಟು ಕೈಯಲ್ಲಿತ್ತು. ಬುಷ್ರಾ ಗಾಬರಿಯಾಗಿ ಕ್ಯಾಮೆರಾ ತಿರುಗಿಸಿದಳು. ತನುಜ ಪಿಪೆಟ್ಟನ್ನು ಒಳಗೂ ಹೊರಗೂ ತೊಳೆದು, ತನ್ನ ಬಾಟಲಿಯ ಕುಡಿಯುವ ನೀರನ್ನು ಬೀಕರಿಗೆ ಸುರಿದು, "ಇದು ಬರೀ ನೀರು. ಆಸಿಡ್ ಜೊತೆ ಯಾರೂ ಹೀಗೆ ಮಾಡೋಹಾಗಿಲ್ಲ. ಆದ್ರೆ ನಾವೆಲ್ಲ ಕಲಿತಿದ್ದು ಹೀಗೇ," ಎಂದಳು. ನಾವೆಲ್ಲ! ಗಾಜಿನ ತುದಿಯನ್ನು ತುಟಿಗಳ ನಡುವೆ ಇಟ್ಟು ಎಳೆದಳು. ನೀರು ಏರಿತು, ಗೆರೆ ದಾಟಿತು, ನಾಲಿಗೆ ತಡೆಯಿತು, ಬೆರಳು ಮುಚ್ಚಿತು. ಎಂ.ಎಸ್ಸಿ.ಗೆ ಹೋದ ಮೇಲೆ ಹಾಸ್ಟೆಲ್ ಬಚ್ಚಲಲ್ಲಿ ನೀರಿಟ್ಟುಕೊಂಡು ಕದ್ದು ಕಲಿತ ವಿದ್ಯೆ. ನೀರನ್ನು ಫ್ಲಾಸ್ಕಿಗೆ ಬಿಟ್ಟು, ಪಿಪೆಟ್ಟನ್ನು ಹಾಗೆಯೇ, ತುದಿ ಒದ್ದೆಯಿದ್ದ ಹಾಗೆಯೇ, ಅವನ ಕಡೆಗೆ ಹಿಡಿದಳು. "ನಮ್ಮ ರಮೇಶ್‌ಬಾಬು ಸಾರ್ ಎಷ್ಟೋ ವರ್ಷ ಇದನ್ನೇ ಹೇಳಿಕೊಟ್ಟೋರು. ಸಾರ್, ನೀವೊಂದ್ಸಲ ತೋರ್ಸಿ."

ಅವನಿಗೆ ಬಹಳ ಸಂತೋಷವಾಯಿತು. ಅದು ಮುಖದಲ್ಲೇ ಕಂಡಿತು. ಇಷ್ಟು ದಿನ ಓದುವ ಕೆಲಸಕ್ಕೆ ಕೂತವನು ಈಗ ಕ್ಯಾಮೆರಾದ ಮುಂದೆ ನಿಂತಿದ್ದಾನೆ, ಕೈಯಲ್ಲಿ ನಿಜವಾದ ಗಾಜಿದೆ. ಬೆನ್ನು ನೇರವಾಯಿತು. ಎಡಗೈಯಲ್ಲಿ ಪಿಪೆಟ್ಟು ಹಿಡಿದ. ಬಲಗೈ ಜೇಬಿಗೆ ಹೋಯಿತು. ಕರ್ಚೀಫು ಹೊರಬಂತು. ಅವಳು ಬಾಯಿಟ್ಟ ತುದಿಯನ್ನು ಒಂದು ಸುತ್ತು ಒರೆಸಿದ, ಕರ್ಚೀಫಿನ ಮಡಿಕೆ ತಿರುಗಿಸಿ ಇನ್ನೊಂದು ಸುತ್ತು ಒರೆಸಿದ. ಯೋಚಿಸಿ ಮಾಡಿದ್ದಲ್ಲ, ತನುಜ ಅವನ ಮುಖವನ್ನೇ ನೋಡುತ್ತಿದ್ದಳು, ಅಲ್ಲಿ ಯೋಚನೆ ಇರಲಿಲ್ಲ, ಹಿಗ್ಗಷ್ಟೇ ಇತ್ತು. ಕೈ ತಾನೇ ಒರೆಸಿತು. ಅರ್ಧದಲ್ಲಿ ಏನೋ ಹೊಳೆದವನಂತೆ ಕ್ಯಾಮೆರಾದ ಕಡೆ ನೋಡಿ, "ಧೂಳಿತ್ತು ಮಕ್ಕಳೇ. ಗಾಜು ಯಾವಾಗ್ಲೂ ಕ್ಲೀನಾಗಿರ್ಬೇಕು," ಎಂದ. ಆಮೇಲೆ ಬಾಯಿಟ್ಟು ಎಳೆದ, ನೀರನ್ನು ಗೆರೆಯ ಮೇಲೆ ಕೂದಲೆಳೆಯೂ ಹೆಚ್ಚುಕಮ್ಮಿಯಾಗದಂತೆ ನಿಲ್ಲಿಸಿದ. ಬುಷ್ರಾ ಚಪ್ಪಾಳೆ ತಟ್ಟಿದಳು.

ತನುಜಳಿಗೆ ಬೇಕಾದದ್ದು ಸಿಕ್ಕಿತ್ತು, ಆದರೆ ಹೇಗೆ ಹಿಡಿಯುವುದೆಂದು ತಿಳಿಯಲಿಲ್ಲ. ಎಲ್ಲರ ಎದುರಿಗೇ ಆಯಿತು, ಆದರೆ ಯಾರು ನೋಡಿದರು? ಧೂಳು ಎಂದ, ಮುಗಿಯಿತು. ಈಗ ಅವಳು ಕೂಗಾಡಿದರೆ, ಕರ್ಚೀಫಿಗೆ ಇಷ್ಟೊಂದು ರಂಪವೇ ಎನ್ನುತ್ತಾರೆ, ನರಸಿಂಹಮೂರ್ತಿ ಮೇಡಂಗೆ ರೆಸ್ಟು ಬೇಕು ಎನ್ನುತ್ತಾನೆ. ಅಂದೂ ಹೀಗೇ ಆಗಿತ್ತು. ಕಿಟಕಿಯ ಕಟ್ಟೆಯ ಮೇಲಿದ್ದ ಪಿಪೆಟ್ಟನ್ನು ನೋಡಿದವಳು ಅವಳೊಬ್ಬಳೇ. ಕಣ್ಣು ಉರಿಯಿತು. ಅಳಬಾರದು, ಇವನ ಮುಂದೆ ಸತ್ತರೂ ಅಳಬಾರದು ಎಂದು ಪರದೆಯ ನೇರಳೆಯನ್ನೇ ನೋಡುತ್ತ ಕೂತಳು.

ರಮೇಶ್‌ಬಾಬು ಹುರುಪಿನಿಂದ ತನ್ನ ಕುರ್ಚಿಗೆ ಮರಳಿ ಮೈಕು ಹತ್ತಿರ ಎಳೆದುಕೊಂಡ. ಸೂಪರ್ ಸಾರ್ ಎಂದವರು, ಕೈ ಮುಗಿದವರು, ಎಲ್ಲರದನ್ನೂ ಓದಿದ. "ಚಿಂತಾಮಣಿಯಿಂದ ಕವಿತ ಕೇಳ್ತಿದಾಳೆ," ಎಂದ. ತನುಜ ತಲೆಯೆತ್ತಿದಳು. "ಸಾರ್, ಮಿಸ್ ಬಾಯಿಡೋಕ್ ಮುಂಚೆ ಇಲ್ದೇ ಇದ್ದ ಧೂಳು..." ಎಂದವನು ಅಲ್ಲಿಗೇ ನಿಂತ.

ನೆಟ್‌ವರ್ಕ್ ಹೋಯಿತೇನೋ ಎಂದು ಬುಷ್ರಾ ಕಂಪ್ಯೂಟರಿಗೆ ಬಗ್ಗಿದಳು, ಪ್ರಶ್ನೆಯನ್ನು ಓದಿಕೊಂಡಳು, ಅವಳ ಮುಖ ಮೆಲ್ಲಗೆ ಬದಲಾಯಿತು. ಮೈಕು ಮುಚ್ಚಲು ಕೈ ಚಾಚಿದಳು. ತನುಜ ಬೇಡವೆಂದು ತಲೆಯಾಡಿಸಿದಳು. ಒಂದು ಫೋನಿನ ಸುತ್ತ ಕೂತ ಹುಡುಗಿಯರ ನಡುವಿನಿಂದ ಆ ಬರೆದುಕೊಳ್ಳುವವಳು ಇವತ್ತು ಫೋನನ್ನು ಕಸಿದುಕೊಂಡಿದ್ದಾಳೆ. ರಮೇಶ್‌ಬಾಬು ಪರದೆಯಿಂದ ಕಣ್ಣು ತೆಗೆದು ತನುಜಳನ್ನು ನೋಡಿದ. ಇಷ್ಟು ದಿನದಲ್ಲಿ ಮೊದಲ ಸಲ ನೋಡಿದ, ಹಣೆಯಿಂದ ಗದ್ದದವರೆಗೆ, ಯಾರನ್ನೋ ಹುಡುಕುವವನ ಹಾಗೆ. ಮೈಕಿನಿಂದ ಮುಖ ತಿರುಗಿಸಿ ಪಿಸುಗುಟ್ಟಿದ.

"ಮೇಡಂ, ನಿಮ್ಮೂರು ಯಾವ್ದು ಅಂದ್ರಿ?"

"ತೊಂಡೇಬಾವಿ," ಎಂದಳು ತನುಜ, ಪಿಸುಗುಟ್ಟದೆ. "ಸ್ಟೇಷನ್ ನಲ್ಲಪ್ಪನ ಮಗಳು. ಅಕ್ಷರ ಚೆನ್ನಾಗಿತ್ತಲ್ಲ ಸಾರ್, ಅವಳೇ. ನೀವು ಪ್ರಶ್ನೆ ಓದಿ. ಪೂರ್ತಿ ಓದಿ. ನಿಮ್ಮ ದನಿ ಚೆನ್ನಾಗಿದೆ."

ಅವನು ಕನ್ನಡಕ ತೆಗೆದ. ಕೈ ಕರ್ಚೀಫಿಗೆ ಹೋಯಿತು, ಜೇಬಿನ ಬಾಯಲ್ಲೇ ನಿಂತಿತು, ಬರಿಗೈ ವಾಪಸಾಯಿತು. ಒರೆಸದ ಕನ್ನಡಕವನ್ನೇ ಹಾಕಿಕೊಂಡು ಓದಿದ. ದನಿ ಒಡೆದಿತ್ತು, ಆದರೂ ಒಂದಕ್ಷರ ಬಿಡಲಿಲ್ಲ. "ಸಾರ್, ಮಿಸ್ ಬಾಯಿಡೋಕ್ ಮುಂಚೆ ಇಲ್ದೇ ಇದ್ದ ಧೂಳು, ಅವ್ರು ಬಾಯಿಟ್ಮೇಲೆ ಎಲ್ಲಿಂದ ಬಂತು?"

ಕೆಳಗೆ ಬೇಕರಿಯಲ್ಲಿ ಯಾರೋ ಜೋರಾಗಿ ನಗುತ್ತಿದ್ದರು. ರುಬೀನಾಳ ಮೈಕು ತೆರೆದೇ ಇತ್ತೇನೋ, ಶಿಡ್ಲಘಟ್ಟದ ಅವಳ ಮನೆಯ ರೇಷ್ಮೆ ಬಿಚ್ಚುವ ಯಂತ್ರದ ಸದ್ದು ಬರುತ್ತಿತ್ತು. ಪರದೆಯ ಮೇಲೆ ಬೇರೆ ಪ್ರಶ್ನೆಗಳು ಬರುವುದು ನಿಂತುಹೋಗಿತ್ತು.

"ಇದಕ್ಕೆ ಏನಂತ ಉತ್ತರ ಹೇಳ್ಲಿ ಮೇಡಂ?" ಎಂದ ಮುದುಕ.

ತನುಜ ತನ್ನ ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಕ್ಯಾಮೆರಾವನ್ನು ಅವನ ಮುಖಕ್ಕೆ ತಿರುಗಿಸುವಂತೆ ಬುಷ್ರಾಗೆ ಕೈಸನ್ನೆ ಮಾಡಿದಳು.

"ಉತ್ತರ ನಿಮಗೊಬ್ರಿಗೇ ಗೊತ್ತಿರೋದು. ಹೇಳಿ ಸಾರ್. ಮಕ್ಕಳು ಬರ್ಕೊಳ್ಳೋಕೆ ಕಾಯ್ತಿದಾರೆ."